ಗಿನಿ-ಬಿಸ್ಸಾವ್ ಪೈಲ್ವಾನ ನಮ್ಮ ತಾಲೀಮಿಗೆ ಬಂದದ್ದು

ಪ್ರತಿ ವರ್ಷ ನಮ್ಮ ಸಾಲ್ಯಾಗ ಆಟೋಟದ ದಿನ ಯಾರರ ಒಬ್ಬರು ಮುಖ್ಯ ಅತಿಥಿ ಬಂದು, ಕ್ರೀಡಾ ಅನ್ನೂದು ದೇಶ ದೇಶಗಳನ್ನ ಒಂದು ಮಾಡತೈತಿ ಅಂತ ಭಾಷಣ ಹೊಡೀತಾರ. ಆವಾಗ ನಾ ಎದ್ದು ನೀರು ಕುಡಿಯಾಕ ಹೋಗತೇನಿ. ಹೆಡ್ ಮಾಸ್ತರು ಇದನ್ನ ನೋಡಿಟ್ಟಾರ. ಒಮ್ಮೆ ಕೇಳಿಯೂ ಬಿಟ್ರು, "ಅಕ್ಕೋರ, ಭಾಷಣ ಚಾಲೂ ಆತಂದ್ರ ನಿಮಗ ನೀರಡಿಕಿ ಹೆಂಗರಿ ಬರತೈತಿ?" ಅಂತ. ಬರತೈತ್ರಿ ಸರ, ಏನ ಮಾಡೂದು ಅಂದೆ. ಇನ್ನೇನು ಹೇಳಲಿ? ದೇಶ ದೇಶ ಒಂದಾಗಿ ಕುಣದದ್ದನ್ನ ನಾ ಕಣ್ಣಾರೆ ಕಂಡೇನಿ. ಅದರ ಬೆನ್ನಿಗೇ ಒಬ್ಬ ಮನಶ್ಯಾನ ಕುತ್ತಿಗಿ ಮುರದದ್ದನ್ನೂ ಕಂಡೇನಿ. ಎರಡೂ ಒಂದ ವರ್ಷದಾಗ.

ನಾನು ಬೈಲಹೊಂಗಲದ ಒಂದು ಹೈಸ್ಕೂಲಿನ ಪಿ.ಟಿ. ಟೀಚರ್. ಸೀಟಿ ಊದೂದು, ಬಿಸಿಲಾಗ ಹುಡುಗರನ್ನ ಓಡಸೂದು, ಬೈಯೂದು ನನ್ನ ಕೆಲಸ. ಬೈಯೂದರಾಗ ನಂದು ಒಂದು ಕೈ ಮ್ಯಾಲ ಅಂತ ನನ್ನ ತಮ್ಮ ಚ್ಯಾಷ್ಟಿ ಮಾಡತಿದ್ದ. ಹುಟ್ಟಿದ್ದು ನೇಸರಗಿ ಕಡೆ, ಹೊಲಮನಿ ಮಾಡಿಕೊಂಡ ಮನೆತನದಾಗ. ಸಣ್ಣಾಕಿ ಇದ್ದಾಗ ಓಣಿ ಗಂಡುಹುಡುಗರನ್ನ ಕೆಡವಿ ಕೆಡವಿ ಅವರ ಅವ್ವಂದಿರ ಜಗಳ ನಮ್ಮ ಮನಿ ಬಾಗಲಿಗೆ ತರತಿದ್ದೆ. ಅಪ್ಪ ಬ್ಯಾಸತ್ತು, ಇದನ್ನ ಎಲ್ಲರ ಹಾಕರೋ ಅಂತ ಬೆಳಗಾವಿ ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಹಾಕಿದ. ಅಲ್ಲಿ ಜೂಡೋ ಕಲಿತೆ. ನನ್ನಕಿಂತ ಸಣ್ಣಾಂವ ತಮ್ಮ ಊರಾಗ ಉಳಿದು ತಾಲೀಮಿಗೆ ಹೋದ.

ತಾಲೀಮು ಅಂದ್ರ ನಮ್ಮ ಕಡೆ ಗರಡಿ ಮನಿ. ನಡಕ ತಗ್ಗು, ತಗ್ಗಿನ ತುಂಬ ಕೆಂಪು ಮಣ್ಣು. ಆ ಮಣ್ಣಿಗೆ ಅರಿಷಿಣ, ಮಜ್ಜಿಗಿ, ಎಣ್ಣಿ, ಲಿಂಬಿಹಣ್ಣು ಹಾಕಿ ಹದ ಮಾಡತಾರ. ಹೆಣ್ಣಮಕ್ಕಳು ಅದನ್ನ ತುಳಿಯಂಗಿಲ್ಲ. ರಾಜ್ಯಮಟ್ಟದಾಗ ಪದಕ ತಂದಾಕಿ ನಾನು, ತಮ್ಮಗ ಬುತ್ತಿ ಕೊಡಾಕ ಹೋದ್ರ ಬಾಗಲದಾಗ ನಿಂದ್ರಬೇಕು. ಅಲ್ಲಿಯ ವಸ್ತಾದ, ಅಂದ್ರ ಕುಸ್ತಿ ಕಲಿಸಾಂವ, ನಮ್ಮ ಅಪ್ಪನ ಕಾಕಾನ ಮಗ. ನಾವು ಕಾಕಾ ಅಂತಿದ್ದಿವಿ. ಕೆಟ್ಟ ಮನಶ್ಯಾ ಅಲ್ಲ, ಆದ್ರ ತಾ ಹಿಡದದ್ದ ಸರಿ ಅನ್ನಾಂವ. ಬಾಗಲದಾಗ ನಿಂತ ನಿಂತ ಅವನ ಪಾಠ ಎಲ್ಲಾ ನನಗೂ ಬಾಯಿಪಾಠ ಆಗಿದ್ದವು. ಒಂದನ್ನಂತೂ ದಿನಾ ಹೇಳತಿದ್ದ: "ಮೈ ಸಡಿಲ ಬಿಟ್ಟವನನ್ನ ನಂಬಬ್ಯಾಡ್ರಿ. ಸಡಿಲಾದ ಅಂದ್ರ ಜಾರಾಕ ಹೊಂಟಾನ ಅಂತ ತಿಳೀರಿ. ಆವಾಗ ಇನ್ನಷ್ಟು ಬಿಗಿ ಹಿಡೀರಿ."

ಇಂಥಾದ್ದರಾಗ ಗೋವಾದಾಗ ಆ ದೊಡ್ಡ ಕ್ರೀಡಾಕೂಟ ಬಂತು. ಪೋರ್ಚುಗೀಸ್ ಮಾತಾಡೋ ದೇಶಗಳು, ಒಂದು ಕಾಲಕ್ಕ ಪೋರ್ಚುಗೀಸರು ಆಳಿದ ನಾಡುಗಳು, ತಮ್ಮ ತಮ್ಮೊಳಗ ನಡಸೋ ಆಟ. ಪೋರ್ಚುಗಲ್, ಅಂಗೋಲಾ, ಮೊಜಾಂಬಿಕ್, ಮಕಾವು, ಪೂರ್ವ ತಿಮೋರ್. ಗೋವಾ ಅವರ ಕೈಯಾಗಿತ್ತಲ್ಲ, ಅದಕ್ಕ ಆ ಪಂಕ್ತಿಯೊಳಗ ಗೋವಾಕ್ಕೂ ಒಂದು ಎಲಿ. ನಮ್ಮ ಮಂದಿಗೆ ಗೋವಾ ಅಂದ್ರ ಕಾಯಿಪಲ್ಲೆ ಲಾರಿ ಹೋಗೋ ಊರು, ಗೌಂಡಿ ಕೆಲಸಕ್ಕ ಹೋಗೋ ಊರು. ನಾನೂ ಹಂಗ ಅನಕೊಂಡಿದ್ದೆ. ಜೂಡೋಕ್ಕ ಕೈಗೆ ಕೈ ಕೂಡಸಾಕ ಮಂದಿ ಕಡಿಮಿ ಬಿದ್ದಾರ ಅಂತ ಬೆಳಗಾವಿಯಿಂದ ನಮ್ಮಂಥಾ ಹಳೇ ಆಟಗಾರರನ್ನ ಕರದ್ರು. ಮ್ಯಾಟ್ ಹಾಸೂದು, ಗಡಿಯಾರ ಹಿಡಿಯೂದು, ಆಟಗಾರರನ್ನ ಕರಕೊಂಡು ಬಂದು ನಿಲ್ಲಸೂದು. ಸಾಲಿಗೆ ರಜಾ ಹಾಕಿ ಹೋದೆ.

ಅಲ್ಲಿ ಕಂಡಾಂವ ಅವನು. ಗಿನಿ-ಬಿಸ್ಸಾವ್ ಅಂತ ಆಫ್ರಿಕಾದಾಗ ಒಂದು ಸಣ್ಣ ದೇಶ, ಅಲ್ಲಿಯವ. ಎತ್ತರಕ್ಕ ನಮ್ಮ ತಮ್ಮನಷ್ಟ, ಅಗಲಕ್ಕ ಇಬ್ಬರಷ್ಟು. ಪಹಿಲೇ ಸುತ್ತಿನಾಗ ಸೋತ. ಸೋತು ಬಂದು ಮ್ಯಾಟ್ ಅಂಚಿಗೆ ಕುಂತು, ಆ ಮ್ಯಾಟನ್ನ ಅಂಗೈಯಿಂದ ಒತ್ತಿ ಒತ್ತಿ ನೋಡಾಕ ಹತ್ತಿದ. ಅರವಿ ಅಂಗಡ್ಯಾಗ ಹೆಣ್ಣಮಕ್ಕಳು ಸೀರಿ ಮುಟ್ಟಿ ನೋಡಿದಂಗ. ನಾ ನಕ್ಕೆ. ಅವನೂ ನಕ್ಕ.

ನನಗ ಪೋರ್ಚುಗೀಸ್ ಬರೂದಿಲ್ಲ, ಅವಂಗ ಕನ್ನಡ ಎಲ್ಲಿಂದ ಬರಬೇಕು? ಇಬ್ಬರಿಗೂ ಬರತಿದ್ದದ್ದು ಜೂಡೋದ ಜಪಾನಿ ಮಾತು. ಹಾಜಿಮೆ ಅಂದ್ರ ಚಾಲೂ ಮಾಡು, ಮಾತ್ತೆ ಅಂದ್ರ ತಡಿ. ಚಹಾ ಕುಡಿಯಾಕ ಹೋಗೋಣ ಅನ್ನಾಕ ಹಾಜಿಮೆ, ಬಿಸಿ ಐತಿ ನಿಂದ್ರು ಅನ್ನಾಕ ಮಾತ್ತೆ. ಹಿಂಗ ಸಂಸಾರ ನಡದಿತ್ತು. ದೊಡ್ಡ ಮಾತಿಗೆ ಮಡಗಾಂವದಾಕಿ ಒಬ್ಬಳು ಇದ್ದಳು, ಎಲ್ಲಾರೂ ಮಾವಶಿ ಅಂತಿದ್ರು. ಸಾಲಿ ಕಲಿಸಿ ನಿವೃತ್ತಿ ಆದಾಕಿ, ಸಣ್ಣಂದಿನಾಗ ಪೋರ್ಚುಗೀಸ್ ಓದಿದಾಕಿ, ಆಟಗಾರರ ಮಾತು ತಿಳಿಸಿಕೊಡಾಕ ಬಂದಿದ್ದಳು. ನನ್ನ ಕೂಡ ಮರಾಠಿಯೊಳಗ ಮಾತಾಡತಿದ್ದಳು.

ಮಾವಶಿ ಬಾಯಿಂದ ಅವನ ಸುದ್ದಿ ತಿಳೀತು. ಅವನ ಊರಾಗ ಮ್ಯಾಟ್ ಇಲ್ಲ. ಗೋಣಿಚೀಲ ಕೂಡಿಸಿ ಹೊಲಿದು, ಉಸುಕಿನ ಮ್ಯಾಲ ಹಾಸಿ ಆಡತಾರ. ಹುಡುಗರು ಬಾಳ ಮಂದಿ, ಕಲಿಸಾಂವ ಒಬ್ಬನೂ ಇಲ್ಲ. ಈ ದೇಶಗಳೆಲ್ಲಾ ಕೂಡಿ ಒಂದು ಮಾತು ಮಾಡಿಕೊಂಡಿದ್ದವು, ಇದ್ದವರು ಇಲ್ಲದವರಿಗೆ ಕಲಿಸಬೇಕು ಅಂತ. ಅದರ ಪ್ರಕಾರ ಪೋರ್ಚುಗಲ್‌ನಾಗ ಕೋಚ್ ಆಗೋ ತರಬೇತಿಗೆ ಅವನ ದೇಶದವರು ಇವನ ಹೆಸರು ಕೊಟ್ಟಿದ್ರು. ಬ್ಯಾಸಗಿ ಮುಗದ ಮ್ಯಾಲ ಹೋಗೂದು. ಅಲ್ಲೀತನಕ ಗೋವಾದಾಗ ತಯಾರಿ. ಕಲತು ಹೋದ್ರ ಅವನ ಊರಿಗೆ ಮ್ಯಾಟೂ ಕೊಡತೇವಿ ಅಂದಿದ್ರು. "ಅವನ ಜೀವನಾ ಎಲ್ಲಾ ಈ ಒಂದರ ಮ್ಯಾಲ ನಿಂತೈತಿ ಮಗಳ" ಅಂದಳು ಮಾವಶಿ. ಮುಂಜಾನೆ ಎದ್ದು ಸಮುದ್ರದ ದಂಡಿ ಮ್ಯಾಲ ಒಬ್ಬನ ಓಡತಿದ್ದ.

ಕಡೀ ದಿನ ಮೆರವಣಿಗಿಯೊಳಗ ಬಾವುಟ ಹಿಡಕೊಂಡು ಎಲ್ಲಾ ದೇಶದವರು ಕೈ ಕೈ ಹಿಡದು ಕುಣದ್ರು. ನಾನೂ ಕುಣದೆ. ಖರೇನ ಖುಷಿ ಆಗಿತ್ತು ಆವತ್ತು, ಸುಳ್ಳ್ಯಾಕ ಹೇಳಲಿ.

ಆಟ ಮುಗದ ಮ್ಯಾಲ ನನ್ನ ಮೊಬೈಲಿನಾಗ ತಮ್ಮ ಮಣ್ಣಿನ ಕುಸ್ತಿ ಆಡೂದನ್ನ ನೋಡಿದ. ನೋಡಿ ಹಿರಿಹಿರಿ ಹಿಗ್ಗಿದ. ಅವರ ದೇಶದಾಗೂ ಹಳ್ಳಿ ಹಳ್ಳಿಗೆ ಕುಸ್ತಿ ಐತಂತ, ಉಸುಕಿನ ಮ್ಯಾಲ, ನಗಾರಿ ಬಾರಿಸಿಕೋಂತ. ಅವರಪ್ಪನೂ ಪೈಲ್ವಾನ ಅಂತ. ನಿಮ್ಮೂರಿಗೆ ಬರತೇನಿ ಅಂದ. ಮಾವಶಿ ಅವನ ಕಡಿಯವರನ್ನ ಕೇಳಿ ಒಪ್ಪಿಗಿ ಕೊಡಿಸಿದಳು. ಒಂದಷ್ಟು ದಿವಸ ಇರಾಕ ನೇಸರಗಿಗೆ ಬಂದ.

ಊರಿಗೆ ಊರ ತಾಲೀಮಿನ ಬಾಗಲಿಗೆ ಬಂದು ನಿಂತಿತು. ಕಿತ್ತೂರಿನಿಂದ ಪೈಲ್ವಾನರು ಗಾಡಿ ಮಾಡಿಕೊಂಡು ನೋಡಾಕ ಬಂದ್ರು. ನಮ್ಮವ್ವ ಮೊದಲ ದಿನ ಅಂಜಿ ಬಾಗಲ ಸಂದ್ಯಾಗಿಂದ ತಾಟು ಸರಿಸಿದಳು. ಆಮ್ಯಾಲ ಅಂವ ಒಂದೊಂದ ರೊಟ್ಟಿ ಮುಗಿಸಿ ತಾಟಿಗೆ ಕೈ ಮುಗಿಯೂದನ್ನ ನೋಡಿ, "ನಿಮ್ಮ ಇಬ್ಬರಕಿಂತ ಛಲೋ ಸಂಸ್ಕಾರ ಐತಿ ಇವಂಗ" ಅಂತ ನಮ್ಮನ್ನ ಬೈದಳು. ತಮ್ಮಗೂ ಅವಂಗೂ ಭಾರಿ ದೋಸ್ತಿ ಆತು. ಇಬ್ಬರೂ ಕೂಡಿ ಬೈಠಕ್ ಹೊಡಿಯೂದು, ಕೂಡಿ ಮೈ ತಿಕ್ಕಿಕೊಳ್ಳೂದು, ಒಂದ ಹಾಸಿಗಿ ಮ್ಯಾಲ ಮಕ್ಕೊಳ್ಳೂದು. ನಾ ಶನಿವಾರ ಸಾಲಿ ಬಿಟ್ಟ ಕೂಡಲೇ ಬೈಲಹೊಂಗಲದಿಂದ ಬಸ್ ಹಿಡದು ಬರತಿದ್ದೆ.

ತ್ರಾಸು ಒಂದ ಇತ್ತು. ಅವರ ಕುಸ್ತಿಯೊಳಗ ಎದುರಿನವನನ್ನ ನೆಲಕ್ಕ ಕೆಡವಿದ್ರ ಮುಗೀತು. ಕೈ, ಮೊಣಕಾಲು ಎರಡೂ ನೆಲಕ್ಕ ಹತ್ತಿದ್ರ ಸೋತಂಗ, ಬಿಟ್ಟು ದೂರ ಸರೀಬೇಕು. ನಮ್ಮಲ್ಲಿ ಹಂಗಲ್ಲ. ನಾಕು ಕಾಲ ಮ್ಯಾಲ ಬಿದ್ದಾಗ ನಮ್ಮ ಕುಸ್ತಿ ಚಾಲೂ ಆಗತೈತಿ. ಬೆನ್ನು ಮಣ್ಣಿಗೆ ಹತ್ತಿ ಚಿತ್ ಆಗೂತನಕ ಬಿಡೂ ಹಂಗಿಲ್ಲ. ಅಂವ ಮೊದಮೊದಲು ಬಿದ್ದ ಕೂಡಲೇ ಮೈ ಸಡಿಲ ಬಿಟ್ಟು ನಕ್ಕು ಏಳಾಕ ಹೋಗಾಂವ. ಕಾಕಾ ಬೈದು, ಬೆನ್ನಿಗೆ ಬಡದು, ಕುತ್ತಿಗಿ ಬಿಗಿ ಹಿಡಿಯೂದನ್ನ ರೂಢಿ ಮಾಡಿಸಿದ. ಕೆಲವು ದಿವಸಕ್ಕ ಕಲತೂ ಬಿಟ್ಟ. ಆದ್ರ ನಾ ಜೂಡೋ ಆಡಿದಾಕಿ. ಸಣ್ಣಂದಿನಿಂದ ಮೈಯಾಗ ಕುಂತದ್ದು ಅಷ್ಟರಾಗ ಏಳೂದಿಲ್ಲ ಅನ್ನೂದು ನನಗ ಗೊತ್ತಿತ್ತು.

ಅಂಥಾ ಹೊತ್ತಿನಾಗ ಸವದತ್ತಿ ರಸ್ತಾದ ಒಂದು ಊರಾಗ ಕುಸ್ತಿ ಮೈದಾನ ಇಟ್ರು. ಊರ ಹೆಸರು ಬರಿಯೂದಿಲ್ಲ, ಅಲ್ಲಿಯ ಮಂದಿ ನಮ್ಮಕಿಂತ ಕೆಟ್ಟವರೇನಲ್ಲ. ಆಫ್ರಿಕಾದ ಪೈಲ್ವಾನನ ಕೂಡ ರಾಮದುರ್ಗದ ಪೈಲ್ವಾನನ ಜೋಡಿ ಹಚ್ಚಿ ಮುರಗೋಡ, ಚಚಡಿ ತನಕ ಪೋಸ್ಟರ್ ಅಂಟಿಸಿದ್ರು. ನನಗ ಸಿಟ್ಟು ನೆತ್ತಿಗೇರಿತು. ತಾಲೀಮಿನ ಬಾಗಲಿಗೆ ಹೋಗಿ ಕಾಕಾನ್ನ ಹೊರಗ ಕರದೆ.

"ಕಾಕಾ, ಇಂವ ಪೋರ್ಚುಗಲ್ಲಿಗೆ ಹೋಗಾಂವ ಅದಾನ. ಕೈ ಕಾಲು ಉಳುಕಿದ್ರ ಮುಗೀತ್ರಿ ಇವನ ಕತಿ. ಕಲಿಸೂದು ಬ್ಯಾರೆ, ಮೈದಾನದಾಗ ಇಳಸೂದು ಬ್ಯಾರೆ. ಬ್ಯಾಡ್ರಿ."

"ನಾ ಏನ ಹಗ್ಗಾ ಹಾಕಿ ಎಳದೇನೇನ? ತಾನ ಹೂಂ ಅಂದಾನ."

"ಬಿದ್ದ ಕೂಡಲೇ ಮುಗೀತು ಅನ್ನೂದು ಅವನ ಮೈಯಾಗ ಐತ್ರಿ. ಗದ್ದಲದಾಗ ನೆನಪು ಹಾರಿ ಹೋದ್ರ?"

"ಏ ಹುಡಿಗಿ, ನಮ್ಮ ಮಣ್ಣಿಗೆ ಬಂದಾನ, ನಮ್ಮ ಕಾಯ್ದೆ ಕಲತಾನ. ನಿಂದು ಆ ಹಾಸಿಗಿ ಮ್ಯಾಲಿನ ಆಟ, ನಿನಗ ಮಣ್ಣಿಂದೇನ ಗೊತ್ತು?"

ಮಾವಶಿಗೆ ಫೋನ್ ಹಚ್ಚಿ ಅವನ ಕೈಯಾಗ ಕೊಟ್ಟೆ, ಬ್ಯಾಡ ಅಂತ ಹೇಳು ಅಂದೆ. ಅಂವ ಬಾಳ ಹೊತ್ತು ಮಾತಾಡಿದ. ಆಮ್ಯಾಲ ಮಾವಶಿ ನನಗ ಹೇಳಿದಳು: "ಅವನ ಊರಾಗ, ಪೈಲ್ವಾನ ಒಬ್ಬ ಮತ್ತೊಂದು ಊರಾಗ ಉಂಡು, ಮಕ್ಕೊಂಡು, ಕುಸ್ತಿ ಆಡದ ಹೊಂಟು ಹೋದ್ರ ಆ ಊರಿಗೆ ಅವಮಾನ ಅಂತ. ನಿಮ್ಮವ್ವನ ರೊಟ್ಟಿ ಉಂಡೇನಿ, ಆಡದ ಹೆಂಗ ಹೋಗಲಿ ಅಂತಾನ." ಮರ್ಯಾದಿ ಮುಂದ ನಮ್ಮ ಮಂದಿಗೂ ಏನೂ ಕಾಣೂದಿಲ್ಲ.

ಮೈದಾನದ ದಿನ ಮಧ್ಯಾಹ್ನ. ಬಿಸಿಲು ರಣರಣ. ರಾಮದುರ್ಗದ ಪೈಲ್ವಾನ ಬರಲಿಲ್ಲ, ಮೊಣಕಾಲು ನೋವು ಅಂತ ಹೇಳಿ ಕಳಿಸಿದ. ಅಷ್ಟೂ ಮಂದಿ ಕೂಡೇತಿ, ಹಲಗಿ ಬಾರಿಸಾಕ ಹತ್ಯಾರ, ಕಮಿಟಿಯವರು ಕಾಕಾನ ಕಾಲಿಗೆ ಬೀಳೋದೊಂದು ಬಾಕಿ. ಕಾಕಾ ಒಂದಿಷ್ಟು ಹೊತ್ತು ಮೀಸಿ ತೀಡಿದ, ತಮ್ಮನ ಬೆನ್ನಿಗೆ ಕೈ ಹಾಕಿ, ಹೋಗು, ನೀನ ಇಳಿ ಅಂದ. ಒಂದ ತಾಲೀಮಿನವರನ್ನ ಜೋಡಿ ಹಚ್ಚೂ ಪದ್ಧತಿ ಇಲ್ಲ ನಮ್ಮಲ್ಲಿ. ಆದ್ರ ಖರೇ ಹೇಳಬೇಕಂದ್ರ ನನಗ ಆವಾಗ ಜೀವ ತಂಪಾತು. ಇಬ್ಬರೂ ದೋಸ್ತರು, ಒಬ್ಬರನ್ನೊಬ್ಬರು ನೋಯಿಸಂಗಿಲ್ಲ, ಮಂದಿಗೆ ಸ್ವಲ್ಪ ತಮಾಷಿ ತೋರಿಸಿ ಎದ್ದು ಬರತಾರ ಅನಕೊಂಡೆ.

ಮಂದಿಗೂ ಅದ ಅನಿಸಿತು. ಇಬ್ಬರೂ ಕೈ ಕೂಡಿಸಿ ಸ್ವಲ್ಪ ಹೊತ್ತು ಸುತ್ತಿದ್ದಕ್ಕ, "ನುರಾ ಕುಸ್ತಿ! ನುರಾ ಕುಸ್ತಿ!" ಅಂತ ಒದರಾಕ ಚಾಲೂ ಮಾಡಿದ್ರು. ಅಂದ್ರ ಮೊದಲ ಮಾತಾಡಿಕೊಂಡು ಆಡೋ ಸುಳ್ಳು ಕುಸ್ತಿ. ಪೈಲ್ವಾನಗ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಯಾರೋ ಚಪ್ಪಲಿ ಒಗದ್ರು. ತಮ್ಮನ ಮುಖ ಕೆಂಪಾತು. ಸಟಕ್ಕನ ಬಗ್ಗಿ ದೋಸ್ತನ ಎರಡೂ ಕಾಲಿಗೆ ಕೈ ಹಾಕಿ ಎತ್ತಿ ಕೆಡವಿದ. ಅಂವ ಬೋರಲಾಗಿ, ಅಂಗೈ ಮೊಣಕಾಲು ಊರಿ ಬಿದ್ದ.

ನಾ ಹೆಣ್ಣಮಕ್ಕಳು ಕುಂತ ಕಟ್ಟಿ ಮ್ಯಾಲ ಇದ್ದೆ. ಅಲ್ಲಿಂದ ಅವನ ಮುಖ ಸಾಫ್ ಕಾಣತಿತ್ತು. ಬಿದ್ದಾಂವ ತಲಿ ಎತ್ತಿ ಒಂಚೂರು ನಕ್ಕ. ಸೋತೆ ಬಿಡಪ್ಪಾ ಅಂತ ನಕ್ಕಂಗ. ಹೆಗಲು ಇಳದವು, ಕುತ್ತಿಗಿ ಇಳೀತು. ಕಾಕಾ ಬೈದು ಕಲಿಸಿದ್ದೆಲ್ಲಾ ಆ ಗದ್ದಲದಾಗ ಹೋಗಿ, ಅವನ ಮೈ ತನ್ನ ಅಪ್ಪನ ಊರಿನ ಉಸುಕಿಗೆ ಹೋಗಿಬಿಟ್ಟಿತ್ತು. ಅವನ ಪಾಲಿಗೆ ಕುಸ್ತಿ ಮುಗದಿತ್ತು.

ತಮ್ಮಗ ಮುಖ ಕಾಣತಿದ್ದಿಲ್ಲ. ಅವಂಗ ಗೊತ್ತಾದದ್ದು ಕೈಯಾಗಿನ ಮೈ ಸಡಿಲಾತು ಅನ್ನೂದು ಅಷ್ಟ. ಸಡಿಲಾದ ಅಂದ್ರ ಜಾರಾಕ ಹೊಂಟಾನ, ಇನ್ನಷ್ಟು ಬಿಗಿ ಹಿಡಿ. ಹುಡುಗ ಇದ್ದಾಗಿಂದ ಕೇಳಿದ ಪಾಠ. ಮೊಣಕಾಲು ಎತ್ತಿ ಕುತ್ತಿಗಿ ಮ್ಯಾಲ ಊರಿದ. ಘುಟನಾ ಅಂತಾರ ಆ ಡಾವಿಗೆ, ಆ ಪಟ್ಟಿಗೆ. ದಿನಾ ತಾಲೀಮಿನಾಗ ಹಾಕೋ ಡಾವು, ಬಿಗಿ ಹಿಡದ ಕುತ್ತಿಗಿಗೆ ಅದರಿಂದ ಏನೂ ಆಗೂದಿಲ್ಲ. ನಾ ಎದ್ದು ನಿಂತು, "ಮುಗೀತು! ಏ, ಮುಗೀತೋ!" ಅಂತ ಗಂಟಲು ಹರಿಯೂಹಂಗ ಒದರಿದೆ. ಇಡೀ ಸಾಲಿ ಮೈದಾನ ಕೇಳಸೂ ಗಂಟಲು ನಂದು. ಹಲಗಿ ಸಪ್ಪಳದಾಗ ನನ್ನ ಬಾಜೂ ಕುಂತಾಕಿಗೂ ಕೇಳಲಿಲ್ಲ. ಪಂಚರು ಚಿತ್ ಆಗೂದನ್ನ ಕಾಕೋಂತ ಬಗ್ಗಿ ನೋಡತಿದ್ರು. ತಮ್ಮ ಎಳದು ಹೊಳ್ಳಿಸಿದ. ಬೆನ್ನು ಮಣ್ಣಿಗೆ ಹತ್ತಿತು.

ಮಂದಿ ಎದ್ದು ಕುಣೀತು. ತಮ್ಮನ ತಲಿಗೆ ಪಟಗಾ ಸುತ್ತಿ ಹೆಗಲ ಮ್ಯಾಲ ಹೊತ್ತರು. ಗುಲಾಲ್ ಒಗದ್ರು. ಕೆಳಗ ಮಣ್ಣಾಗ ಅಂವ ಹಂಗ ಬಿದ್ದಿದ್ದ. ನಾಚಿಕ್ಯಾಗೇತಿ, ಅದಕ್ಕ ಎದ್ದಿಲ್ಲ ಅಂದ್ರು ಯಾರೋ.

ನಾ ಕಟ್ಟಿ ಜಿಗದು ಓಡಿದೆ. ಹೆಣ್ಣಮಗಳು ಮಣ್ಣು ತುಳದಳು ಅಂತ ಆವತ್ತು ಯಾರೂ ಅನ್ನಲಿಲ್ಲ, ಯಾರರ ನೋಡಿದ್ರ ತಾನ ಅನ್ನೂದು. ಅವನ ಕಣ್ಣು ಬಿಟ್ಟಾವು, ಏನೋ ಕೇಳಾಕ ಹತ್ಯಾನ, ನನಗ ತಿಳೀವಲ್ದು. ಪಾದ ಹಿಡದು ಒತ್ತಿದೆ. ಗೊತ್ತಾಗಲಿಲ್ಲ ಅವಂಗ. ತೊಡಿ ಚೂಟಿದೆ. ನನ್ನ ಮುಖ ನೋಡಿದ, ಅಷ್ಟ. ಅಷ್ಟೊತ್ತಿಗೆ ಕಾಕಾ ಬಂದು, ಕುತ್ತಿಗಿ ಹೊಳ್ಳೇತಿ, ತೀಡಿ ಕೂಡಸತೇನಿ ಅಂತ ತಲಿಗೆ ಕೈ ಹಾಕಾಕ ಬಗ್ಗಿದ. ಕಾಕಾನ ಎದಿಗೆ ಎರಡೂ ಕೈ ಹಚ್ಚಿ ನೂಕಿದೆ. ಬೆನ್ನ ಮ್ಯಾಲ ಹೋಗಿ ಬಿದ್ದ. "ಮುಟ್ಟಿದ್ರ ನೋಡ್ರಿ!" ಅಂದೆ. ಕಮಿಟಿ ಹುಡುಗರು ಒಂದು ಮನಿ ಬಾಗಲ ಕಿತ್ತು ತಂದ್ರು. ಅದರ ಮ್ಯಾಲ ಸರಿಸಿ, ತಲಿ ಎರಡೂ ಕಡೆ ಉಸುಕಿನ ಚೀಲ ಇಟ್ಟು ಬೆಳಗಾವಿ ದವಾಖಾನಿಗೆ ಒಯ್ದಿವಿ. ದಾರಿ ತುಂಬ ತಮ್ಮ ಗುಲಾಲ್ ಬಡಕೊಂಡ ಮುಖದಲೆ ಅವನ ಪಾದ ತಿಕ್ಕಿಕೋಂತ ಕುಂತಿದ್ದ.

ಆಪರೇಶನ್ ಆತು. ಡಾಕ್ಟರು ನನ್ನನ್ನ ಒಳಗ ಕರದು ಹೇಳಿದ್ರು, ಕೈ ಸ್ವಲ್ಪ ಬರಬಹುದು, ಕಾಲಿಂದು ಕಾದು ನೋಡಬೇಕು ಅಂತ. ಅವರು ಅದನ್ನ ಹೇಳಿದ ರೀತಿಯೊಳಗ ನನಗ ತಿಳದುಬಿಟ್ಟಿತ್ತು. ತಮ್ಮಗ ಹೇಳಲಿಲ್ಲ. ಹೆಬ್ಬೆರಳು ಅಲುಗಿದ್ರ ಸಾಕು ಅಂತ ಅಂವ ದಿನಾ ಮುಂಜಾನೆ ಚಾದರ ಸರಿಸಿ ಅವನ ಪಾದ ನೋಡಾಂವ.

ಮಾವಶಿ ಮಡಗಾಂವದಿಂದ ಬಸ್ಸಿನಾಗ ಬಂದಳು, ಆ ವಯಸ್ಸಿನಾಗ ಘಾಟ್ ಹತ್ತಿಕೊಂಡು. ಮತ್ತ ಯಾರು ಬಂದ್ರು? ಬಾವುಟ ಹಿಡದು ಕುಣದವರು ಯಾರೂ ಬರಲಿಲ್ಲ. ಒಬ್ಬರು ಫೋನ್ ಮಾಡಿ, ಮೈದಾನದಾಗ ಇಳಸಾಕ ಯಾರು ಪರವಾನಗಿ ಕೊಟ್ರು ಅಂತ ಕೇಳಿದ್ರು. ಮತ್ತೊಬ್ಬರು, ಇದು ನಮ್ಮ ಕೂಟದ ಹೊರಗ ಆದದ್ದು ಅಂದ್ರು. ಪೋರ್ಚುಗಲ್‌ನ ಜಾಗಾಕ್ಕ ಅವನ ದೇಶದವರು ಬ್ಯಾರೆ ಒಬ್ಬರ ಹೆಸರು ಕಳಿಸಿದ್ರು. ಅದು ತಪ್ಪಲ್ಲ, ಯಾರರ ಹೋಗಾಕ ಬೇಕಲ್ಲ. ಆದ್ರ ಅದನ್ನ ಅವಂಗ ತಿಳಿಸೂ ಕೆಲಸ ಮಾವಶಿ ಪಾಲಿಗೆ ಬಂತು. ಆಕಿ ಹೇಳಿದಳು, ಅಂವ ಮ್ಯಾಲಿನ ಛತ್ ನೋಡಿಕೋಂತ ಕೇಳಿದ. ಆವತ್ತಿಂದ ಒಂದಷ್ಟು ದಿವಸ ತಮ್ಮ ಕೊಟ್ಟ ತುತ್ತು ಬಾಯಿಗೆ ತಗೊಳ್ಳಲಿಲ್ಲ, ಮುಖ ಹೊಳ್ಳಿಸಾಕ ಆಗೂದಿಲ್ಲ ಅಂತ ಕಣ್ಣು ಮುಚ್ಚಿಕೊಂಡ. ತಮ್ಮ ಚಮಚಾ ಹಿಡಕೊಂಡು ಅಲ್ಲೇ ನಿಂತಿರಾಂವ. ನಾ ಕಸಕೊಂಡು ತಿನ್ನಿಸತಿದ್ದೆ.

ಅವನ ತಾಯಿ ಫೋನ್ ಮಾಡಿದಳು. ಮಾವಶಿ ಮಾತಾಡಿ, ಆದದ್ದನ್ನೆಲ್ಲಾ ಬಿಡಿಸಿ ಹೇಳಿದಳು. ಆಮ್ಯಾಲ ತಾಯಿ ಒಂದ ಮಾತು ಕೇಳಿದಳು. ಮಾವಶಿ ನನ್ನ ಕಡೆ ಹೊಳ್ಳಿ ಅದನ್ನ ಮರಾಠಿಯೊಳಗ ಹೇಳಿದಳು: "ಅಷ್ಟು ಮಂದಿ ಇದ್ರಂತ. ನನ್ನ ಮಗ ಬಿದ್ದದ್ದನ್ನ ಯಾರೂ ನೋಡಲಿಲ್ಲೇನು?" ಮಾವಶಿ ತಾನ ಏನೋ ಉತ್ತರಾ ಕೊಟ್ಟಳು. ಏನಂದಿ ಅಂತ ನಾ ಕೇಳಲಿಲ್ಲ.

ಕಾಕಾನೂ ಒಮ್ಮೆ ಬಂದ. ವಾರ್ಡಿನ ಬಾಗಲದಾಗ ನಿಂತು, "ನಮ್ಮ ಕಾಯ್ದೆ ಪ್ರಕಾರ ತಪ್ಪಾಗಿಲ್ಲವ್ವಾ. ಅಂವ ಕುತ್ತಿಗಿ ಬಿಟ್ಟ" ಅಂದ. "ಹೋಗರಿ ಕಾಕಾ. ನಿಮ್ಮ ಕಾಯ್ದೆ ತಗೊಂಡು ಹೋಗಿ ತಾಲೀಮಿನ ಗ್ವಾಡಿಗೆ ಬಡೀರಿ. ಇಲ್ಲಿ ನಿಂದ್ರಬ್ಯಾಡ್ರಿ" ಅಂದೆ. ಅಳಾಕ ಚಾಲೂ ಮಾಡಿದ, ಅಷ್ಟು ದೊಡ್ಡ ಮನಶ್ಯಾ. ನನಗೇನೂ ಅನಿಸಲಿಲ್ಲ ಆವಾಗ. ಈಗ ಸತ್ತಾನ, ಪಾಪ ಅನಿಸತೈತಿ. ಆದ್ರೂ ಆ ಸಿಟ್ಟು ಪೂರಾ ಇಳದಿಲ್ಲ.

ತಮ್ಮ ದವಾಖಾನಿ ಬಿಟ್ಟು ಹೊಂಟ ಹೋಗಲಿಲ್ಲ. ಬೆನ್ನಿಗೆ ಹುಣ್ಣಾಗಬಾರದು ಅಂತ ತಾಸಿಗೊಮ್ಮೆ ಅವನನ್ನ ಮಗ್ಗಲ ಬದಲ ಮಾಡಸೂದು, ಮೈ ಒರಸೂದು, ಹೇಲು ಉಚ್ಚಿ ಬಳಿಯೂದು. ನರ್ಸಮ್ಮಗಳು ಸಾಕು ಬಿಡೋ ಅಂತ ಬೈದ್ರೂ ಕಾಲಿಗೆ ಎಣ್ಣಿ ಹಚ್ಚಿ ತಿಕ್ಕೂದು. ದಿವಸ ಹೋದಂಗ ಅಂವ ತಮ್ಮನ ಕೈಲೆ ಉಣ್ಣಾಕ ಹತ್ತಿದ. ಕೈ ಎತ್ತಾಕ ಬಂತು ಅವಂಗ, ಬೆರಳು ಮಡಚಾಕ ಬರಲಿಲ್ಲ. ಹೆಬ್ಬೆರಳು ಅಲುಗಲೇ ಇಲ್ಲ. ಇನ್ನು ಇಷ್ಟ, ಮನಿಗೆ ಒಯ್ಯಿರಿ ಅಂದ್ರು ಡಾಕ್ಟರು. ಆವತ್ತು ತಮ್ಮ ದವಾಖಾನಿ ಹಿಂದ ಹೋಗಿ, ತನ್ನ ಮೊಣಕಾಲು ಗ್ವಾಡಿಗೆ ಬಡಕೊಂಡು ಬಡಕೊಂಡು ರಕ್ತ ಮಾಡಿಕೊಂಡ. ಎಳಕೊಂಡು ಬಂದು ಕಪಾಳಕ್ಕ ಒಂದು ಕೊಟ್ಟೆ, ಆಮ್ಯಾಲ ಇಬ್ಬರೂ ಕೂಡಿ ಅತ್ತಿವಿ.

ಕಳಿಸೂ ಏರ್ಪಾಡು ಕಡೀಕ ಅವನ ದೇಶದವರ ಮಾಡಿದ್ರು. ಗೋವಾದ ವಿಮಾನ ನಿಲ್ದಾಣಕ್ಕ ಆಂಬುಲೆನ್ಸಿನಾಗ ಹೋದಿವಿ, ತಮ್ಮ, ನಾನು, ಅವ್ವ ಕಟ್ಟಿದ ಕಟಕಲ ರೊಟ್ಟಿ ಗಂಟು. ಮಾವಶಿ ಅಲ್ಲೇ ಬಂದು ನಿಂತಿದ್ದಳು. ಅವನ ಕೂಡ ಹೋಗಾಕ ಅವನ ದೇಶದ ಒಬ್ಬ ಮನಶ್ಯಾ, ವಿಮಾನದವರ ಗಾಲಿ ಕುರ್ಚಿ. ಎತ್ತಿ ಕೂಡಸಾಕ ಇಬ್ಬರು ಆಳು ಬಂದ್ರು. ತಮ್ಮ ಅವರನ್ನ ಸರಿಸಿ, ತಾನ ಆಂಬುಲೆನ್ಸ್ ಒಳಗ ಹೋಗಿ, ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕಾಲ ಬುಡಕ ಹಾಕಿ ಎತ್ತಿಕೊಂಡು ಬಂದ. ಅಷ್ಟು ಅಗಲ ಇದ್ದಾಂವ ಒಣಗಿ ತಮ್ಮನ ಕೈಯಾಗ ಹಗುರ ಆಗಿದ್ದ. ಮೆಲ್ಲಕ ಕುರ್ಚಿಗೆ ಇಳಿಸಿದ, ಪಾದ ಕುರ್ಚಿಯ ಕಾಲುಪಟ್ಟಿ ಮ್ಯಾಲ ಇಟ್ಟ. ಇಟ್ಟು, ಬಗ್ಗಿದಾಂವ ಮ್ಯಾಲೆ ಏಳಲಿಲ್ಲ. ಎರಡೂ ಕೈಲೆ ಅವನನ್ನ ತಬ್ಬಿಕೊಂಡು ಹಂಗ ನಿಂತುಬಿಟ್ಟ.

ವಿಮಾನದವರು ಹೊತ್ತಾತು ಅಂದ್ರು. ಮಾವಶಿ ತಮ್ಮನ ಹೆಗಲು ಮುಟ್ಟಿದಳು. ತಮ್ಮ ಅಲುಗಲಿಲ್ಲ. ಆವಾಗ ಅಂವ ಬೆರಳು ಬಾರದ ತನ್ನ ಕೈ ಎತ್ಯಾನ, ತಮ್ಮನ ಬೆನ್ನ ಮ್ಯಾಲ ಇಟ್ಟಾನ, ನಮ್ಮ ಮಾತಿನಾಗ, ದವಾಖಾನಿ ನರ್ಸಮ್ಮಗಳು ಎಣ್ಣಿ ತಿಕ್ಕಾಂವಗ ದಿನಾ ಅನ್ನತಿದ್ದ ಧಾಟಿಯೊಳಗ, ಮೆಲ್ಲಕ ಅಂದಾನ:

"ಸಾಕೋ ತಮ್ಮಾ. ಬಿಡು."

ತಮ್ಮಗ ಬಿಡಾಕ ಆಗಲಿಲ್ಲ. ನಾನ ಹೋಗಿ ಅವನ ಬೆರಳು ಒಂದೊಂದ ಬಿಡಿಸಿದೆ.